ಮಿಂಚಂಚೆಯ ಲಗತ್ತು ಮತ್ತು ಲೆಕ್ಕದ ಗುಮಾಸ್ತ

ಬೆಳಿಗ್ಗೆ ಕಾರ್ಖಾನೆಯ ಕಚೇರಿಯ ಬಾಗಿಲು ತೆರೆದು, ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿ, ಗಣಕಯಂತ್ರದ ಮುಂದೆ ಕುಳಿತ ಲೆಕ್ಕದ ಗುಮಾಸ್ತ ಮೊದಲು ಮಾಡುವ ಕೆಲಸ ಇ-ಮೇಲ್ ನೋಡುವುದು. ಅಲ್ಲಿ ದರಪಟ್ಟಿ ಕೇಳಿದವರ ಪತ್ರಗಳಿರುತ್ತವೆ, ಖರೀದಿ ಆದೇಶಗಳಿರುತ್ತವೆ, ಸರಕು ಸಾಗಣೆಯ ಕಾಗದಗಳಿರುತ್ತವೆ, ಹಣ ಸಂದಾಯವಾದ ಬಗ್ಗೆ ಬ್ಯಾಂಕಿನ ಚೀಟಿಗಳಿರುತ್ತವೆ. ಇವುಗಳಲ್ಲಿ ಬಹುಪಾಲು ಪತ್ರಗಳ ಜೊತೆ ಒಂದೊಂದು ಲಗತ್ತು ಇದ್ದೇ ಇರುತ್ತದೆ. ಆ ಲಗತ್ತುಗಳನ್ನು ತೆರೆದು ನೋಡುವುದಕ್ಕೆಂದೇ ಆತನಿಗೆ ಸಂಬಳ. ಅಪರಿಚಿತರು ಕಳುಹಿಸಿದ ಲಗತ್ತನ್ನು ತೆರೆಯಬೇಡಿ ಎಂಬ ಉಪದೇಶ ಮನೆಯಲ್ಲಿ ಕುಳಿತು ಅಂಚೆ ನೋಡುವವರಿಗೆ ಸರಿಯಾದೀತು. ಹೊಸ ಗಿರಾಕಿಯ ದಾರಿ ಕಾಯುವ ಸಣ್ಣ ಉದ್ದಿಮೆದಾರನಿಗೆ ಅದನ್ನು ಅಕ್ಷರಶಃ ಪಾಲಿಸುವುದೆಂದರೆ ಅಂಗಡಿಯ ಬಾಗಿಲನ್ನು ತಾನೇ ಹಾಕಿಕೊಂಡಂತೆ.

ಕಾಲು ಶತಮಾನದಿಂದ ಮೋಸದ ಮಿಂಚಂಚೆಗಳ ಕುರಿತು ನಡೆದಿರುವ ಉಪದೇಶವೆಲ್ಲ ಹೆಚ್ಚುಕಡಿಮೆ ಗಣಕಯಂತ್ರದ ಮುಂದೆ ಕುಳಿತವನನ್ನು ಉದ್ದೇಶಿಸಿಯೇ ನಡೆದಿದೆ. ಆತ ಎಚ್ಚರದಿಂದಿರಬೇಕು, ಆತ ಸಂದೇಹಪಡಬೇಕು, ಆತ ಒತ್ತಬಾರದು. ಆತನ ಬೆನ್ನ ಹಿಂದೆ ನಿಂತು "ಇನ್ನೂ ಕೊಟೇಶನ್ ಹೋಗಿಲ್ಲವೇನಯ್ಯಾ, ಇನ್ನೂ ಪೇಮೆಂಟ್ ಮಾಡಿಲ್ಲವೇನಯ್ಯಾ" ಎಂದು ಕೇಳುವ ಮಾಲೀಕರಿಗೆ ಯಾರೂ ಏನನ್ನೂ ಹೇಳಿದಂತಿಲ್ಲ. ವಂಚಕನಿಗೆ ಒದಗಿಬರುವುದು ಗುಮಾಸ್ತನ ಅಜ್ಞಾನಕ್ಕಿಂತ ಹೆಚ್ಚಾಗಿ ಈ ಅವಸರ. ತಡಮಾಡಲು ಅಧಿಕಾರವಿಲ್ಲದ ನೌಕರನಿಗೆ ಎಷ್ಟು ಎಚ್ಚರಿಕೆ ಹೇಳಿದರೂ ಅದು ನೀರಿನಲ್ಲಿ ಹೋಮ ಮಾಡಿದಂತೆಯೇ ಸರಿ.

2000ನೇ ಇಸವಿಯ ಮೇ 4ರಂದು ಫಿಲಿಪ್ಪೀನ್ಸ್ ದೇಶದಿಂದ ಹೊರಟ 'ಐ ಲವ್ ಯೂ' ಎಂಬ ತಲೆಬರಹದ ಮಿಂಚಂಚೆಯನ್ನು ಹಿರಿಯ ವರ್ತಕರು ಮರೆತಿರಲಾರರು. ಅದರೊಡನೆ ಬಂದ ಕಡತಕ್ಕೆ ಪ್ರೇಮಪತ್ರವೆಂಬ ಹೆಸರು. ಹೆಸರಿನ ಕೊನೆಯಲ್ಲಿ 'ಟಿಎಕ್ಸ್‌ಟಿ' ಎಂದಿದ್ದುದರಿಂದ ಅದು ಬರಿಯ ಬರವಣಿಗೆಯಂತೆ ಕಾಣುತ್ತಿತ್ತು. ವಾಸ್ತವವಾಗಿ ಆ ಬಾಲದ ಮುಂದೆ 'ವಿಬಿಎಸ್' ಎಂಬ ಇನ್ನೊಂದು ಬಾಲವಿತ್ತು, ಅದೇ ನಿಜವಾದ ಬಾಲ. ತನಗೆ ಪರಿಚಯವಿರುವ ಕಡತಗಳ ಬಾಲವನ್ನು ವಿಂಡೋಸ್ ಮರೆಮಾಡಿ ತೋರಿಸುವುದರಿಂದ ಅದು ಬಹುಮಂದಿಯ ಕಣ್ಣಿಗೆ ಬೀಳಲಿಲ್ಲ. ತೆರೆದೊಡನೆ ಅದು ಕಡತಗಳನ್ನು ಕೆಡಿಸಿ, ವಿಳಾಸ ಪುಸ್ತಕದಲ್ಲಿದ್ದವರಿಗೆಲ್ಲ ತನ್ನ ಪ್ರತಿಯನ್ನು ಕಳುಹಿಸಿಕೊಂಡಿತು. ಕೆಲವೇ ದಿನಗಳಲ್ಲಿ ಲೋಕದ ಲಕ್ಷಾಂತರ ಯಂತ್ರಗಳಿಗೆ ಹಬ್ಬಿತು. ಅದನ್ನು ಬರೆದವನನ್ನು ಶಿಕ್ಷಿಸಲು ಆ ದೇಶದಲ್ಲಿ ಆಗ ತಕ್ಕ ಕಾನೂನೇ ಇರಲಿಲ್ಲ. ಭಾರತದ ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಗೆ ಬಂದದ್ದೂ ಅದೇ ವರ್ಷದ ಅಕ್ಟೋಬರ್ 17ರಂದು.

ಬಾಲ ಮರೆಮಾಡುವ ಆ ಪದ್ಧತಿ ಇಂದಿಗೂ ಹೋಗಿಲ್ಲ. ವಿಂಡೋಸ್ 11ರಲ್ಲಿಯೂ ಅದನ್ನು ಬಳಸುವವರೇ ಬದಲಿಸಿಕೊಳ್ಳಬೇಕು. ಹಾಗೆ ಬದಲಿಸದ ಯಂತ್ರದಲ್ಲಿ ಖರೀದಿ ಆದೇಶದ ಪಿಡಿಎಫ್‌ನಂತೆ ತೋರುವ ಕಡತ ನಿಜಕ್ಕೂ ಒಂದು ಇಎಕ್ಸ್‌ಇ ಕಡತವಾಗಿರಬಹುದು, ಅಂದರೆ ಓದುವ ಕಾಗದವಲ್ಲ, ಓಡುವ ಯಂತ್ರ. ಕಡತದ ಪೂರ್ಣ ಹೆಸರು ಕಾಣುವಂತೆ ಮಾಡಲು ಎರಡು ನಿಮಿಷ ಸಾಕು, ಖರ್ಚಂತೂ ಇಲ್ಲವೇ ಇಲ್ಲ. ಇದನ್ನೊಂದು ಇಂದೇ ಮಾಡಿಕೊಳ್ಳುವುದು ಒಳಿತು.

ಆದರೆ 2000ದ ಆ ಪ್ರಕರಣ ವರ್ತಕರ ಮನಸ್ಸಿನಲ್ಲಿ ಒಂದು ತಪ್ಪು ಕಲ್ಪನೆಯನ್ನೂ ಬಿಟ್ಟುಹೋಯಿತು. 'ವೈರಸ್' ಬಂದರೆ ಯಂತ್ರ ಕೆಡುತ್ತದೆ, ಪರದೆ ಕಪ್ಪಾಗುತ್ತದೆ, ಕಂಪ್ಯೂಟರ್ ರಿಪೇರಿಯವನನ್ನು ಕರೆಸಬೇಕಾಗುತ್ತದೆ ಎಂಬ ಕಲ್ಪನೆ ಅದು. ಯಂತ್ರ ಚೆನ್ನಾಗಿ ನಡೆಯುತ್ತಿದ್ದರೆ ಎಲ್ಲವೂ ಕ್ಷೇಮ ಎಂದು ಭಾವಿಸಲಾಗುತ್ತದೆ. ಲೆಕ್ಕದ ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳುವ ಜಾತಿಯವು ಇಂದಿಗೂ ಇವೆ, ಅವುಗಳ ಹಾವಳಿ ಕಣ್ಣಿಗೆ ಕಾಣುತ್ತದೆ. ಅವುಗಳಷ್ಟೇ ದುಬಾರಿಯಾದ, ಆದರೆ ಸದ್ದಿಲ್ಲದ ಇನ್ನೊಂದು ಜಾತಿಯ ಬಗ್ಗೆ ಮಾತನಾಡುವವರು ಕಡಿಮೆ.

ಹತ್ತು ವರ್ಷಗಳಿಗೂ ಮೇಲ್ಪಟ್ಟು ಚಲಾವಣೆಯಲ್ಲಿರುವ 'ಏಜೆಂಟ್ ಟೆಸ್ಲಾ' ಎಂಬುದು ಈ ಜಾತಿಗೆ ಒಳ್ಳೆಯ ಉದಾಹರಣೆ. ದರಪಟ್ಟಿಯ ಕೋರಿಕೆ, ಖರೀದಿ ಆದೇಶ, ಬ್ಯಾಂಕಿನ ಸಂದಾಯ ಚೀಟಿ ಇಂಥ ಹೆಸರುಗಳ ಲಗತ್ತಿನಲ್ಲಿ ಅದು ಬರುತ್ತದೆ. ತೆರೆದಾಗ ಏನೂ ಆಗುವುದಿಲ್ಲ. ಕಡತ ಕೆಟ್ಟಿದೆಯೆಂದು ಗುಮಾಸ್ತ ಅದನ್ನು ಮುಚ್ಚಿ ಮುಂದಿನ ಪತ್ರಕ್ಕೆ ಹೋಗುತ್ತಾನೆ. ಅಂದಿನಿಂದ ಆತ ಒತ್ತುವ ಪ್ರತಿಯೊಂದು ಅಕ್ಷರವೂ, ಯಂತ್ರದಲ್ಲಿ ಉಳಿಸಿಟ್ಟ ಗುಪ್ತಪದಗಳೂ, ಆಗಾಗ ಪರದೆಯ ಚಿತ್ರವೂ ದೂರದಲ್ಲಿ ಕುಳಿತ ಒಬ್ಬನಿಗೆ ತಲುಪತೊಡಗುತ್ತವೆ. 2022ರ ಮೇ ತಿಂಗಳಿನಲ್ಲಿ ಇಂಟರ್‌ಪೋಲ್ ಸಂಸ್ಥೆಯ ನೆರವಿನಿಂದ ನೈಜೀರಿಯದ ಲಾಗೋಸ್ ನಗರದಲ್ಲಿ ಮೂವರನ್ನು ಬಂಧಿಸಲಾಯಿತು. ಅವರು ಇದೇ ಸಾಧನವನ್ನು ಬಳಸಿ ವ್ಯಾಪಾರಿ ಸಂಸ್ಥೆಗಳ ಹಣವನ್ನು ಬೇರೆಡೆಗೆ ತಿರುಗಿಸುತ್ತಿದ್ದರೆಂಬುದು ಆರೋಪ.

ತಿರುಗಿಸುವ ಬಗೆ ಹೇಗೆಂಬುದನ್ನು ಒಂದು ಕಲ್ಪಿತ ನಿದರ್ಶನದಿಂದ ತಿಳಿಯಬಹುದು. ಕರಾವಳಿಯ ಗೋಡಂಬಿ ಕಾರ್ಖಾನೆಗಳು ಆಫ್ರಿಕಾದ ದೇಶಗಳಿಂದ ಕಚ್ಚಾ ಗೋಡಂಬಿಯನ್ನು ತರಿಸಿಕೊಳ್ಳುವುದು ಎಲ್ಲರೂ ಬಲ್ಲ ವಿಷಯ. ಅಂಥ ಒಂದು ಕಾರ್ಖಾನೆಯ ಮಿಂಚಂಚೆಯ ಗುಪ್ತಪದ ವಂಚಕನಿಗೆ ದೊರೆತಿದೆ ಎಂದಿಟ್ಟುಕೊಳ್ಳಬಹುದು. ಆತ ಒಡನೆ ಏನನ್ನೂ ಮಾಡುವುದಿಲ್ಲ. ವಾರಗಟ್ಟಲೆ ಪತ್ರಗಳನ್ನು ಓದುತ್ತಾನೆ. ಸರಕು ಯಾವ ಹಡಗಿನಲ್ಲಿ ಬರುತ್ತಿದೆ, ಎಷ್ಟು ಟನ್ನು, ಮುಂಗಡ ಎಷ್ಟು, ಬಾಕಿ ಎಷ್ಟು, ಪೂರೈಕೆದಾರನು ಪತ್ರದ ಕೊನೆಯಲ್ಲಿ ಹೇಗೆ ವಂದಿಸುತ್ತಾನೆ ಎಂಬುದನ್ನೆಲ್ಲ ತಿಳಿದುಕೊಳ್ಳುತ್ತಾನೆ. ಪೂರೈಕೆದಾರನಿಂದ ಬರುವ ಪತ್ರಗಳು ಗುಮಾಸ್ತನಿಗೆ ಕಾಣದಂತೆ ಬೇರೊಂದು ಕಪಾಟಿಗೆ ತಾವಾಗಿ ಹೋಗುವ ಏರ್ಪಾಡನ್ನೂ ಮಾಡಿಕೊಳ್ಳುತ್ತಾನೆ. ಬಾಕಿ ಸಲ್ಲಿಸಬೇಕಾದ ದಿನ, ಅದೇ ಪತ್ರಸರಣಿಯ ಮುಂದುವರಿಕೆಯಾಗಿ, ಅದೇ ಧಾಟಿಯಲ್ಲಿ ಒಂದು ಪತ್ರ ಬರುತ್ತದೆ: ಲೆಕ್ಕ ಪರಿಶೋಧನೆ ನಡೆದಿರುವುದರಿಂದ ಹಳೆಯ ಖಾತೆ ತಾತ್ಕಾಲಿಕವಾಗಿ ನಿಂತಿದೆ, ಲಗತ್ತಿಸಿರುವ ಪರಿಷ್ಕೃತ ಬಿಲ್ಲಿನಲ್ಲಿರುವ ಹೊಸ ಖಾತೆಗೆ ಹಣ ಕಳುಹಿಸಿ, ಹಡಗು ಬಂದರಿಗೆ ಬರುವ ಮೊದಲೇ ಕಳುಹಿಸಿದರೆ ದಾಖಲೆ ಪತ್ರಗಳನ್ನು ಬೇಗ ಬಿಡುಗಡೆ ಮಾಡುತ್ತೇವೆ.

ಬಿಲ್ಲಿನ ಮೊತ್ತ ಸರಿಯಾಗಿದೆ, ಹಡಗಿನ ಹೆಸರು ಸರಿಯಾಗಿದೆ, ಮುದ್ರೆಯೂ ಇದೆ. ಗುಮಾಸ್ತ ಹಣ ಕಳುಹಿಸುತ್ತಾನೆ. ನಿಜವಾದ ಪೂರೈಕೆದಾರನು ಹತ್ತು ದಿನಗಳ ಬಳಿಕ ದೂರವಾಣಿ ಮಾಡಿ ಬಾಕಿ ಕೇಳಿದಾಗಲೇ ವಿಷಯ ಬಯಲಿಗೆ ಬರುವುದು. ಅಷ್ಟರಲ್ಲಿ ಹಣ ಮೂರ್ನಾಲ್ಕು ಖಾತೆಗಳನ್ನು ದಾಟಿರುತ್ತದೆ. ಒಂದು ಹಡಗಿನ ಬಾಕಿ ಎಂದರೆ ಸಣ್ಣ ಕಾರ್ಖಾನೆಗೆ ಇಡೀ ಹಂಗಾಮಿನ ದುಡಿಯುವ ಬಂಡವಾಳ. ಬ್ಯಾಂಕಿನ ಸಾಲದ ಬಡ್ಡಿ ಅದರ ಮೇಲೆಯೇ ಬೆಳೆಯುತ್ತಿರುತ್ತದೆ, ಗೋಡಂಬಿ ಸುಲಿಯುವ ಹೆಂಗಸರ ವಾರದ ಬಟವಾಡೆಯೂ ಅದರಿಂದಲೇ ನಡೆಯಬೇಕಾಗಿರುತ್ತದೆ.

ಇಂಥ ಬಲೆಗೆ ಅರಿವಿಲ್ಲದ ಸಣ್ಣವರಷ್ಟೇ ಬೀಳುತ್ತಾರೆಂದು ತಿಳಿಯುವಂತಿಲ್ಲ. ತೈವಾನಿನ ಯಂತ್ರಾಂಶ ತಯಾರಕ ಸಂಸ್ಥೆಯೊಂದರ ಹೆಸರನ್ನೇ ಇಟ್ಟುಕೊಂಡು, ಸುಳ್ಳು ಬಿಲ್ಲುಗಳನ್ನು ಕಳುಹಿಸಿ, ಲಿಥುವೇನಿಯ ದೇಶದ ಒಬ್ಬ ವ್ಯಕ್ತಿ 2013ರಿಂದ 2015ರವರೆಗೆ ಗೂಗಲ್ ಮತ್ತು ಫೇಸ್‌ಬುಕ್ ಸಂಸ್ಥೆಗಳಿಂದ 10 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ತರಿಸಿಕೊಂಡ. 2019ರಲ್ಲಿ ಅಮೆರಿಕದ ನ್ಯಾಯಾಲಯ ಆತನಿಗೆ ಐದು ವರ್ಷಗಳ ಸೆರೆವಾಸ ವಿಧಿಸಿತು. ಲೋಕಕ್ಕೆಲ್ಲ ಮಿಂಚಂಚೆ ಒದಗಿಸುವವರೇ ಮಿಂಚಂಚೆಯ ಬಿಲ್ಲಿಗೆ ಮೋಸಹೋದ ಮೇಲೆ ಪೀಣ್ಯದ ಅಥವಾ ಉದ್ಯಮಬಾಗದ ಒಬ್ಬ ಗುಮಾಸ್ತನನ್ನು ದಡ್ಡನೆಂದು ಬೈಯುವುದರಲ್ಲಿ ಅರ್ಥವಿಲ್ಲ.

ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಪ್ರಕರಣವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಉಪಯುಕ್ತ. 2018ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಸಲ್ಲಿಸಿದ ದೂರಿನ ಪ್ರಕಾರ, 2015ರ ಆರಂಭದಲ್ಲಿ ಆ ಬ್ಯಾಂಕಿನ ನೌಕರರಿಗೆ ಉದ್ಯೋಗಾಕಾಂಕ್ಷಿಯೊಬ್ಬನ ಹೆಸರಿನಲ್ಲಿ ವಿನಯಪೂರ್ವಕವಾದ ಮಿಂಚಂಚೆಗಳು ಬಂದವು. ಸ್ವವಿವರ ಪತ್ರವನ್ನು ಇಳಿಸಿಕೊಂಡು ನೋಡಿರೆಂಬ ಕೋರಿಕೆ ಅವುಗಳಲ್ಲಿತ್ತು. ಕಳ್ಳರು ಒಳಹೊಕ್ಕ ಬಳಿಕ ಸುಮಾರು ಒಂದು ವರ್ಷ ಸುಮ್ಮನೆ ಕಾದರು. 2016ರ ಫೆಬ್ರವರಿ 4ರ ಗುರುವಾರ ರಾತ್ರಿ, ಮರುದಿನದಿಂದ ಅಲ್ಲಿ ವಾರದ ರಜೆ ಎಂಬುದನ್ನು ತಿಳಿದೇ, ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ ಸುಮಾರು 95 ಕೋಟಿ ಡಾಲರ್ ವರ್ಗಾಯಿಸುವಂತೆ ಆದೇಶಗಳನ್ನು ಕಳುಹಿಸಿದರು. ಅವುಗಳಲ್ಲಿ ಐದು ಆದೇಶಗಳು ಜಾರಿಯಾಗಿ 8 ಕೋಟಿ 10 ಲಕ್ಷ ಡಾಲರ್ ಫಿಲಿಪ್ಪೀನ್ಸಿಗೂ, 2 ಕೋಟಿ ಡಾಲರ್ ಶ್ರೀಲಂಕಾಕ್ಕೂ ಹೊರಟವು. ಫಿಲಿಪ್ಪೀನ್ಸಿಗೆ ಹೋದದ್ದು ಜೂಜುಕಟ್ಟೆಗಳಲ್ಲಿ ಕರಗಿತು, ಅದರಲ್ಲಿ ಮರಳಿದ್ದು ಅಲ್ಪಭಾಗ.

ಶ್ರೀಲಂಕಾಕ್ಕೆ ಹೊರಟ 2 ಕೋಟಿ ಡಾಲರ್ ಮಾತ್ರ ಹಿಂದಕ್ಕೆ ಬಂತು. ಅದಕ್ಕೆ ಕಾರಣ ಯಾವ ತಂತ್ರಾಂಶವೂ ಅಲ್ಲ. ಹಣ ಪಡೆಯಬೇಕಾದ ಸಂಸ್ಥೆಯ ಹೆಸರಿನಲ್ಲಿ 'ಫೌಂಡೇಶನ್' ಎಂಬ ಪದದ ಕಾಗುಣಿತ ತಪ್ಪಾಗಿತ್ತು. ಹಣ ಹಾದುಹೋಗುವ ದಾರಿಯಲ್ಲಿದ್ದ ಬ್ಯಾಂಕಿನವರು ಅದನ್ನು ಗಮನಿಸಿ, ಪಾವತಿಯನ್ನು ತಡೆಹಿಡಿದು, ಇದು ಸರಿಯೇ ಎಂದು ವಿಚಾರಿಸಿದರು. ವಿಚಾರಿಸಲು ಅವರಿಗೆ ಅಧಿಕಾರವಿತ್ತು, ತಡವಾಯಿತೆಂದು ಮೇಲಿನವರು ಗದರಿಸುವ ಭಯವಿರಲಿಲ್ಲ. ಸಣ್ಣ ಕಾರ್ಖಾನೆಯ ಗುಮಾಸ್ತನಿಗೂ ಬೇಕಾಗಿರುವುದು ಇಷ್ಟೇ.

ಕಾಗುಣಿತದ ತಪ್ಪಿನಿಂದ ಕಳ್ಳನನ್ನು ಗುರುತಿಸುವ ಕಾಲ ಈಗ ಹೆಚ್ಚಾಗಿ ಮುಗಿದಿದೆ ಎಂಬುದನ್ನೂ ಹೇಳಬೇಕು. ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದ ಮೇಲೆ ವಂಚಕರ ಇಂಗ್ಲಿಷ್ ಎಷ್ಟೋ ಪ್ರಾಮಾಣಿಕ ವರ್ತಕರ ಇಂಗ್ಲಿಷಿಗಿಂತ ಶುದ್ಧವಾಗಿದೆ. ಕನ್ನಡದಲ್ಲಿ ಬರೆಯುವುದೂ ಅವರಿಗೆ ಕಷ್ಟವಲ್ಲ.

ಲಗತ್ತಿನ ವೇಷಗಳೂ ಬದಲಾಗುತ್ತಿವೆ. ಅಂತರ್ಜಾಲದಿಂದ ಬಂದ ವರ್ಡ್, ಎಕ್ಸೆಲ್ ಕಡತಗಳಲ್ಲಿ ಅಡಗಿರುವ ಮ್ಯಾಕ್ರೋ ಆಜ್ಞೆಗಳನ್ನು ಮೈಕ್ರೋಸಾಫ್ಟ್ ಸಂಸ್ಥೆ 2022ರಿಂದ ತಾನಾಗಿ ತಡೆಯತೊಡಗಿತು. ಮರುವರ್ಷವೇ ವಂಚಕರು ಒನ್‌ನೋಟ್ ಕಡತಗಳಿಗೆ ಹಾರಿದರು. ಜಿಪ್ ಕಡತವನ್ನು ಕಳುಹಿಸಿ ಅದರ ಗುಪ್ತಪದವನ್ನು ಅದೇ ಪತ್ರದಲ್ಲಿ ಬರೆಯುವುದು ಇನ್ನೊಂದು ಉಪಾಯ. ಬೀಗ ಹಾಕಿದ ಕಡತದೊಳಗೆ ವೈರಸ್ ತಪಾಸಣೆಯ ತಂತ್ರಾಂಶ ಇಣುಕಲಾರದು, ಬೀಗದ ಕೈಯನ್ನು ಓದಿ ಬಾಗಿಲು ತೆರೆಯುವ ಕೆಲಸ ಮನುಷ್ಯನದೇ ಆಗುತ್ತದೆ. ಬೀಗ ಮತ್ತು ಬೀಗದ ಕೈ ಒಂದೇ ಲಕೋಟೆಯಲ್ಲಿ ಬಂದರೆ ಆ ಬೀಗ ಯಾರಿಗಾಗಿ ಎಂದು ಕೇಳಿಕೊಳ್ಳಬೇಕು. ಎಚ್‌ಟಿಎಂಎಲ್ ಲಗತ್ತುಗಳು ಯಂತ್ರಕ್ಕೆ ಏನೂ ಮಾಡದೆ, ಇ-ಮೇಲ್‌ನ ಪ್ರವೇಶಪುಟದಂತೆಯೇ ಕಾಣುವ ಪುಟವನ್ನು ತೋರಿಸಿ ಗುಪ್ತಪದ ಕೇಳುತ್ತವೆ. ಕೈಫೋನಿನ ವಾಟ್ಸ್‌ಆ್ಯಪ್‌ನಲ್ಲಿ ಮದುವೆಯ ಆಮಂತ್ರಣವೆಂದೋ ವಾಹನದ ದಂಡದ ಚಲನ್ ಎಂದೋ ಬರುವ ಎಪಿಕೆ ಕಡತಗಳು ಇದೇ ವಂಶದವು.

ಸರ್ಕಾರದ ಹೆಸರಿನಲ್ಲಿ ಬರುವ ನೋಟಿಸುಗಳದ್ದು ಬೇರೆಯೇ ಕಥೆ, ಏಕೆಂದರೆ ಅಲ್ಲಿ ಕೆಲಸ ಮಾಡುವುದು ಆಸೆಯಲ್ಲ, ಹೆದರಿಕೆ. ಜಿಎಸ್‌ಟಿ ನೋಟಿಸೆಂದು ಲಗತ್ತು ಬಂದರೆ ಅದನ್ನು ತೆರೆಯುವ ಅಗತ್ಯವೇ ಇಲ್ಲ. ಜಿಎಸ್‌ಟಿ ಜಾಲತಾಣಕ್ಕೆ ತಾನಾಗಿ ಹೋಗಿ ತನ್ನ ಖಾತೆಯಲ್ಲಿ ನೋಟಿಸು ಇದೆಯೇ ಎಂದು ನೋಡಬಹುದು, ಲೆಕ್ಕ ಪರಿಶೋಧಕರಿಗೆ ಒಂದು ಮಾತು ಕೇಳಬಹುದು. ಆದಾಯ ತೆರಿಗೆ ಇಲಾಖೆಯೂ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯೂ 2019ರಿಂದ ತಮ್ಮ ಪತ್ರಗಳಿಗೆ ದಾಖಲೆ ಗುರುತು ಸಂಖ್ಯೆಯನ್ನು ನೀಡುವ ಪದ್ಧತಿ ತಂದಿವೆ. ಅದನ್ನು ಇಲಾಖೆಯ ಜಾಲತಾಣದಲ್ಲಿ ಪರಿಶೀಲಿಸಲು ಅವಕಾಶವಿದೆ. ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕು ಅವುಗಳ ಜಾಲತಾಣಗಳೆಲ್ಲ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂಬ ವಿಳಾಸಕ್ಕೆ ಬದಲಾಗಬೇಕೆಂದು ಸೂಚಿಸಿತ್ತು. ಬ್ಯಾಂಕಿನ ಹೆಸರಿನ ಪತ್ರದಲ್ಲಿ ಬೇರಾವುದೋ ವಿಳಾಸದ ಕೊಂಡಿ ಇದ್ದರೆ ಅದನ್ನು ಮುಟ್ಟದಿರುವುದೇ ಲೇಸು.

ಹಣ ವರ್ಗಾವಣೆಯ ಒಂದು ಸೂಕ್ಷ್ಮವನ್ನು ಅನೇಕ ವರ್ತಕರು ತಡವಾಗಿ ತಿಳಿದರು. ನೆಫ್ಟ್ ಮತ್ತು ಆರ್‌ಟಿಜಿಎಸ್ ಮೂಲಕ ಕಳುಹಿಸಿದ ಹಣ ಜಮೆಯಾಗುತ್ತಿದ್ದುದು ಖಾತೆಯ ಸಂಖ್ಯೆಯ ಆಧಾರದ ಮೇಲೆ. ಎದುರಿಗೆ ಬರೆದ ಹೆಸರು ಆ ಖಾತೆಯದೇ ಎಂದು ಕಳುಹಿಸುವವನಿಗೆ ತಿಳಿಯುವ ಮಾರ್ಗವಿರಲಿಲ್ಲ. ಪೂರೈಕೆದಾರನ ಹೆಸರು ಬರೆದು ವಂಚಕನ ಸಂಖ್ಯೆ ಕೊಟ್ಟರೂ ಹಣ ಹೋಗುತ್ತಿತ್ತು. ಹಣ ಕಳುಹಿಸುವ ಮೊದಲೇ ಖಾತೆದಾರನ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸೂಚಿಸಿದ್ದು ಸ್ವಾಗತಾರ್ಹ. ಹೊಸ ಖಾತೆಯನ್ನು ಸೇರಿಸುವಾಗ ಇದನ್ನು ತಪ್ಪದೆ ಬಳಸಬೇಕು. ವಿದೇಶಕ್ಕೆ ಹೋಗುವ ಹಣಕ್ಕೆ ಈ ಆಸರೆ ಇಲ್ಲ. ಅಲ್ಲಿ ಇರುವ ಒಂದೇ ಆಸರೆ ದೂರವಾಣಿ.

ಈಗ ಮಾಲೀಕರ ಪಾಲಿನ ಮಾತು. ಇಡೀ ಕಚೇರಿಗೆ ಒಂದೇ ಇ-ಮೇಲ್, ಒಂದೇ ಗುಪ್ತಪದ, ಅದನ್ನು ಕೆಲಸ ಬಿಟ್ಟುಹೋದವರೂ ಬಲ್ಲರು ಎಂಬ ಸ್ಥಿತಿ ಅಪರೂಪವಲ್ಲ. ಲೇತ್ ಯಂತ್ರಕ್ಕೆ ಹತ್ತಾರು ಲಕ್ಷ ಸುರಿಯುವವರು ಗಣಕಯಂತ್ರಕ್ಕೆ ಕದ್ದ ಪ್ರತಿಯ ತಂತ್ರಾಂಶ ಹಾಕಿಸಿ ಉಳಿತಾಯ ಮಾಡಿದೆವೆಂದು ಸಂತೋಷಪಡುತ್ತಾರೆ. ಕದ್ದ ಪ್ರತಿಯನ್ನು ಚಾಲೂ ಮಾಡುವ ಸಾಧನಗಳಲ್ಲಿಯೇ ಎಷ್ಟೋ ಸಲ ಇದೇ ಗೂಢಚಾರ ತಂತ್ರಾಂಶ ಅಡಗಿರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕೊನೆಯಪಕ್ಷ ಬ್ಯಾಂಕ್ ವ್ಯವಹಾರ ನಡೆಸುವ ಯಂತ್ರವನ್ನಾದರೂ ಬದಲಿಸಿ, ಅದರಲ್ಲಿ ಮಿಂಚಂಚೆಯ ಲಗತ್ತುಗಳನ್ನು ತೆರೆಯದಂತೆ ಪ್ರತ್ಯೇಕವಾಗಿಡುವುದು ಸಣ್ಣ ಸಂಸ್ಥೆಗೂ ಸಾಧ್ಯವಾದ ಕೆಲಸ. ಇ-ಮೇಲ್‌ಗೆ ಎರಡು ಹಂತದ ಪ್ರವೇಶವನ್ನು ಅಳವಡಿಸಲು ಹಣವೇ ಬೇಕಿಲ್ಲ. ಲೆಕ್ಕದ ಕಡತಗಳ ಪ್ರತಿಯನ್ನು ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ತೆಗೆದು, ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿ ತಿಜೋರಿಯಲ್ಲಿಡಬೇಕು. ಯಂತ್ರಕ್ಕೆ ಅಂಟಿಸಿಯೇ ಇಟ್ಟ ಡಿಸ್ಕಿಗೂ ಬೀಗ ಬೀಳುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಹಾಳೆಯ ಮೇಲೆ ಮಾಲೀಕರ ಸಹಿಯೊಡನೆ ಗೋಡೆಗೆ ಅಂಟಿಸಬೇಕಾದ ನಿಯಮ. ಯಾವುದೇ ಪೂರೈಕೆದಾರನ ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಪತ್ರ ಬಂದರೆ, ಕಚೇರಿಯ ಹಳೆಯ ಪುಸ್ತಕದಲ್ಲಿರುವ ಸಂಖ್ಯೆಗೆ ಕರೆ ಮಾಡಿ, ಪರಿಚಿತ ವ್ಯಕ್ತಿಯೊಡನೆ ಮಾತನಾಡುವವರೆಗೆ ಒಂದು ರೂಪಾಯಿಯೂ ಹೋಗತಕ್ಕದ್ದಲ್ಲ. ಪತ್ರದಲ್ಲಿ ಕೊಟ್ಟಿರುವ ಸಂಖ್ಯೆಗೆ ಕರೆ ಮಾಡತಕ್ಕದ್ದಲ್ಲ, ಅಲ್ಲಿ ಎತ್ತುವವನು ವಂಚಕನೇ ಆಗಿರುತ್ತಾನೆ. ಪತ್ರ ಸ್ವತಃ ಮಾಲೀಕರ ಹೆಸರಿನಲ್ಲಿ ಬಂದು "ನಾನು ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡ, ಕೂಡಲೇ ಕಳುಹಿಸು" ಎಂದರೂ ಇದೇ ನಿಯಮ. ಈ ಕಾರಣಕ್ಕೆ ಪಾವತಿ ಒಂದು ದಿನ ತಡವಾದರೆ ಗುಮಾಸ್ತನನ್ನು ಯಾರೂ ಪ್ರಶ್ನಿಸತಕ್ಕದ್ದಲ್ಲ. ಈ ಕೊನೆಯ ವಾಕ್ಯವಿಲ್ಲದೆ ಮೊದಲಿನ ವಾಕ್ಯಗಳಿಗೆ ಬೆಲೆಯಿಲ್ಲ. ಹಳೆಯ ಪೇಟೆಗಳಲ್ಲಿ ಅಪರಿಚಿತ ಹುಂಡಿ ಬಂದರೆ ಮುನೀಮನು ವಿಚಾರಿಸದೆ ಹಣ ಎಣಿಸುತ್ತಿರಲಿಲ್ಲ, ಅದನ್ನು ಯಾವ ಸಾಹುಕಾರನೂ ಉದ್ಧಟತನ ಎನ್ನುತ್ತಿರಲಿಲ್ಲ.

ಲಗತ್ತುಗಳ ವಿಷಯದಲ್ಲಿಯೂ ಇದೇ ಅಧಿಕಾರ ಅನ್ವಯಿಸಬೇಕು. ಹೊಸ ಗಿರಾಕಿ ದರಪಟ್ಟಿ ಕೇಳಿ ಜಿಪ್ ಕಡತ ಕಳುಹಿಸಿದರೆ, ಬೇಕಾದ ಸರಕಿನ ವಿವರವನ್ನು ಪತ್ರದಲ್ಲಿಯೇ ಬರೆದು ಕಳುಹಿಸಿರೆಂದು ಗುಮಾಸ್ತ ಮಾರುತ್ತರ ಬರೆಯಬಹುದು. ನಿಜವಾದ ಗಿರಾಕಿ ಎರಡು ಸಾಲು ಬರೆಯಲು ಬೇಸರಪಡಲಾರ. ವ್ಯಾಪಾರ ತಪ್ಪಿಹೋದೀತೆಂಬ ಭಯ ಇದ್ದದ್ದೇ, ಒಂದೆರಡು ಸಲ ತಪ್ಪಿಹೋಗಲೂಬಹುದು. ಆ ನಷ್ಟವನ್ನು ಮಾಲೀಕರು ತಮ್ಮ ತಲೆಯ ಮೇಲೆ ಹಾಕಿಕೊಳ್ಳಬೇಕೇ ಹೊರತು ಗುಮಾಸ್ತನ ಮೇಲಲ್ಲ.

ಇಷ್ಟಾಗಿಯೂ ತಪ್ಪು ನಡೆದುಹೋದರೆ ಮೊದಲ ಕೆಲವು ಗಂಟೆಗಳೇ ಮುಖ್ಯ. ಹಣ ದೇಶದೊಳಗಿನ ಖಾತೆಗೆ ಹೋಗಿದ್ದರೆ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿದಾಗ, ಹಣ ಇನ್ನೂ ಖಾತೆಯಲ್ಲಿದ್ದರೆ ಅದನ್ನು ತಡೆಹಿಡಿಯುವ ಏರ್ಪಾಡು 2021ರಿಂದ ಇದೆ. ವಿದೇಶಕ್ಕೆ ಹೋಗಿದ್ದರೆ ತಮ್ಮ ಬ್ಯಾಂಕಿಗೆ ಧಾವಿಸಿ, ಹಣ ಹಿಂದಿರುಗಿಸುವಂತೆ ಸಂದೇಶ ಕಳುಹಿಸಲು ಲಿಖಿತವಾಗಿ ಕೋರಬೇಕು. ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಬೇಕು. ಯಂತ್ರವನ್ನು ಅಂತರ್ಜಾಲದಿಂದ ಬಿಡಿಸಬೇಕು, ಆದರೆ ಅದರಲ್ಲಿರುವುದನ್ನು ಅಳಿಸಬಾರದು, ತನಿಖೆಗೆ ಅದೇ ಸಾಕ್ಷ್ಯ. ಗುಪ್ತಪದಗಳನ್ನು ಬೇರೊಂದು ಶುದ್ಧ ಯಂತ್ರದಿಂದ ಬದಲಿಸಬೇಕು. ಇ-ಮೇಲ್‌ನ ಒಳಗೆ ಪತ್ರಗಳನ್ನು ಬೇರೆಡೆಗೆ ಕಳುಹಿಸುವ ನಿಯಮಗಳೇನಾದರೂ ಅಡಗಿವೆಯೇ ಎಂದು ನೋಡಬೇಕು. ಇದನ್ನು ಮರೆತವರು ಗುಪ್ತಪದ ಬದಲಿಸಿದ ಮೇಲೆಯೂ ತಮ್ಮ ಪತ್ರಗಳನ್ನು ಕಳ್ಳನಿಗೆ ಓದಿಸುತ್ತಲೇ ಇರುತ್ತಾರೆ. ಇಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕೆಂಬ ನಿರ್ದೇಶನ 2022ರ ಏಪ್ರಿಲ್‌ನಲ್ಲಿ ಹೊರಬಿದ್ದಿದೆ.

ಕಾಗದದ ಮೇಲೆ ಇದೆಲ್ಲ ಸರಳ. ವಾಸ್ತವದಲ್ಲಿ ಮೊದಲ ಕೆಲವು ಗಂಟೆಗಳು ಕಳೆದುಹೋಗುವುದು ಗುಮಾಸ್ತನ ಹೆದರಿಕೆಯಲ್ಲಿ. ಆ ಲಗತ್ತನ್ನು ತೆರೆದಾಗಲೇ ಏನೋ ಸರಿಯಿಲ್ಲವೆಂದು ಆತನಿಗೆ ಅನ್ನಿಸಿರುತ್ತದೆ, ಹೇಳಿದರೆ ಸಂಬಳದಲ್ಲಿ ಮುರಿದಾರು ಎಂದು ಸುಮ್ಮನಾಗಿರುತ್ತಾನೆ. ಮುಂದಿನ ಗಂಟೆಗಳು ಕಳೆಯುವುದು ಮಾಲೀಕರ ಮರ್ಯಾದೆಯ ಚಿಂತೆಯಲ್ಲಿ. ಪೇಟೆಯಲ್ಲಿ ಸುದ್ದಿಯಾದರೆ ಉದ್ದರಿ ಕೊಡುವವರು ಹಿಂಜರಿಯುತ್ತಾರೆ, ಬ್ಯಾಂಕಿನವರು ಮುಖ ಸಿಂಡರಿಸುತ್ತಾರೆ ಎಂಬ ಲೆಕ್ಕಾಚಾರ. ಹೀಗೆ ಒಬ್ಬರು ಮುಚ್ಚಿಟ್ಟ ಪತ್ರವೇ ಮರುವಾರ ಅದೇ ಕೈಗಾರಿಕಾ ಪ್ರದೇಶದ ಪಕ್ಕದ ಶೆಡ್ಡಿಗೆ ಹೋಗುತ್ತದೆ, ಅದೂ ಮೊದಲನೆಯವರ ಮಿಂಚಂಚೆ ವಿಳಾಸದಿಂದಲೇ.

ವಾಣಿಜ್ಯ ಸಂಸ್ಥೆಗಳು ವರ್ಷಕ್ಕೊಮ್ಮೆ ಊಟದೊಡನೆ ಏರ್ಪಡಿಸುವ ಸೈಬರ್ ಸುರಕ್ಷತೆಯ ವಿಚಾರ ಸಂಕಿರಣಗಳಿಗೆ ಹೋಗುವವರು ಹೆಚ್ಚಾಗಿ ಮಾಲೀಕರು. ಲಗತ್ತು ತೆರೆಯುವವನು ಆ ದಿನವೂ ಕಚೇರಿಯಲ್ಲಿ ಕುಳಿತು ಲಗತ್ತು ತೆರೆಯುತ್ತಿರುತ್ತಾನೆ. ಮುಂದಿನ ಸಂಕಿರಣಕ್ಕೆ ಅರ್ಧ ದಿನದ ಸಂಬಳ ಸಹಿತ ರಜೆ ಕೊಟ್ಟು ಲೆಕ್ಕದ ಗುಮಾಸ್ತರನ್ನೇ ಕಳುಹಿಸಬಹುದು. ತಮ್ಮ ಹೆಸರು ಹೇಳದೆ, ನಡೆದ ಮೋಸವನ್ನು ಇತರ ಸದಸ್ಯರಿಗೆ ತಿಳಿಸಲು ಇಷ್ಟಪಡುವವರಿಗಾಗಿ ಸಂಸ್ಥೆಗಳ ಕಚೇರಿಯಲ್ಲಿ ಒಂದು ದಾಖಲೆ ಪುಸ್ತಕವನ್ನೂ ಇಡಬಹುದು. ಯಾವ ಹೆಸರಿನ ಪತ್ರ ಬಂತು, ಲಗತ್ತಿನ ಹೆಸರೇನು, ಯಾವ ಖಾತೆಗೆ ಹಣ ಕೇಳಿದರು ಎಂಬ ಮೂರು ಸಾಲು ಅದರಲ್ಲಿದ್ದರೆ ಸಾಕು.